ಗೃಹಸ್ಥರ ವ್ಯವಹಾರ: ದಫ್ತರಕ್ಕೊಂದು ಕೂಡುವಹಿ

ಮುಂಡರಗಿಯ ಕಡೆಯ ವಾಚಕರೊಬ್ಬರ ಪತ್ರವು ಮೂರು ವಾರಗಳಿಂದ ನನ್ನ ಮೇಜಿನ ಮೇಲೆ ಬಿದ್ದಿರುತ್ತದೆ. ಅವರದು ಕಾಳುಕಡಿಯ ವ್ಯಾಪಾರ. ಅಂಗಡಿ ಗೋದಾಮು ಎರಡೂ ಕೂಡಿ ಹನ್ನೊಂದು ಜನ ಕೆಲಸಗಾರರು. ಕೆಲಸದ ರೀತಿ, ಗಿರಾಕಿಗಳ ಕರಾರು, ಲಾರಿಯವರ ವಾಡಿಕೆ, ತೆರಿಗೆಯ ಕಾಗದ ತುಂಬುವ ಕ್ರಮ, ಇವನ್ನೆಲ್ಲ ಎಲ್ಲರೂ ಕೂಡಿ ಬರೆಯುವ, ಎಲ್ಲರೂ ಕೂಡಿ ತಿದ್ದುವ ಒಂದು ಗಣಕಯಂತ್ರದ ಪುಸ್ತಕದಲ್ಲಿ ಇಡಿರೆಂದು ಮಾರಾಟಗಾರನೊಬ್ಬನು ಅವರಿಗೆ ಗಂಟುಬಿದ್ದಿದ್ದಾನಂತೆ. ಅದಕ್ಕೆ 'ವಿಕಿ' ಎಂದು ಹೆಸರು. ತಲೆಗೆ ಇಷ್ಟೆಂದು ತಿಂಗಳುತಿಂಗಳಿಗೆ ಹಣ ಕೊಡತಕ್ಕದ್ದು. "ಇದನ್ನು ಕೊಳ್ಳಬೇಕೋ ಬೇಡವೋ, ಕೊಂಡರೆ ಎಷ್ಟಕ್ಕೆ ಕೊಳ್ಳಬೇಕು, ತಾವು ದಯಮಾಡಿ ತಿಳಿಸಬೇಕು" ಎಂದು ಅವರು ಬರೆದಿದ್ದಾರೆ.

ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ಇದೇ ಪ್ರಶ್ನೆಯನ್ನು ನಾವು ಇಲ್ಲಿ ಲಕ್ಷ್ಮೇಶ್ವರದಲ್ಲಿ ಬಗೆಹರಿಸಬೇಕಾಗಿ ಬಂದಿತ್ತು. ಬಗೆಹರಿಸುವದಕ್ಕೆ ಮೊದಲು ಒಬ್ಬ ಬಡ ಹೆಣ್ಣುಮಗಳಿಗೆ ನಮ್ಮ ಕೈಯಿಂದ ಹಾನಿಯಾಗಿತ್ತು. ಆದುದರಿಂದ ಸಂಗತಿಯನ್ನು ಬುಡದಿಂದಲೇ ಹೇಳುತ್ತೇನೆ, ವಾಚಕರು ಬೇಸರಪಡಬಾರದು.

ನಾನೊಂದು ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಆ ಸಂಘದಲ್ಲಿ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದ ಹಿರಿಯರೊಬ್ಬರು ನಿವೃತ್ತರಾಗಿ ವರ್ಷ ತುಂಬುವದರೊಳಗೆ ತೀರಿಕೊಂಡರು. ಅವರು ಇರುವವರೆಗೆ ಸಂಘಕ್ಕೆ ಯಾವ ಪುಸ್ತಕವೂ ಬೇಕಾಗಿರಲಿಲ್ಲ. "ಯಜಮಾನರನ್ನು ಕೇಳಿರಿ" ಎಂಬದೇ ನಮ್ಮ ದಫ್ತರದ ಶಾಸ್ತ್ರ. ಯಾವ ರೈತನ ಕಾಗದ ಯಾವ ಕಪಾಟಿನಲ್ಲಿದೆ, ಯಾವ ವರ್ಷದ ಖಾತೆವಹಿಗೆ ಹೊಸ ನಂಬರು ಬಿದ್ದಿದೆ, ಜಿಲ್ಲಾ ಕಚೇರಿಗೆ ಯಾವ ತಖ್ತೆಯನ್ನು ಯಾವ ತಾರೀಖಿನೊಳಗೆ ಕಳಿಸಬೇಕು, ಇದೆಲ್ಲ ಅವರ ತಲೆಯಲ್ಲಿತ್ತು. ಅವರು ಹೋದ ಮೂರನೆಯ ತಿಂಗಳಿಗೆ ಒಬ್ಬ ವಿಧವೆ ಸಂಘಕ್ಕೆ ಬಂದಳು. ಆಕೆಯ ಗಂಡ ಬದುಕಿದ್ದಾಗ ತೆಗೆದ ಸಾಲವನ್ನು ಬಡ್ಡಿಸಹಿತ ತೀರಿಸಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಉತಾರದ ಮೇಲಿನ ಬೋಜಾ ಹಾಗೆಯೇ ಉಳಿದಿತ್ತು. ಮಗಳ ಲಗ್ನಕ್ಕಾಗಿ ಎರಡೆಕರೆ ಹೊಲ ಮಾರುವದು ಗೊತ್ತಾಗಿತ್ತು; ಬೋಜಾ ಕಡಿಮೆಯಾದ ಹೊರತು ಕೊಳ್ಳುವವನು ಮುಂಗಡ ಕೊಡಲೊಲ್ಲ. ಆಕೆಯ ಹತ್ತಿರ ಪಾವತಿ ಇಲ್ಲ. ನಮ್ಮ ಹತ್ತಿರ ಆ ವರ್ಷದ ಖಾತೆವಹಿ ಇಲ್ಲ. ಇದೆಯೋ ಇಲ್ಲವೋ ಎಂಬದೂ ಯಾರಿಗೂ ಗೊತ್ತಿಲ್ಲ.

ಇಪ್ಪತ್ಮೂರು ದಿವಸ ಆಕೆಯನ್ನು ಅಲೆದಾಡಿಸಿದೆವು. ಯಾರೂ ಬೇಕೆಂದು ಅಲೆದಾಡಿಸಲಿಲ್ಲ, ಲಂಚ ಕೇಳಲಿಲ್ಲ, ಒರಟಾಗಿ ಮಾತಾಡಲಿಲ್ಲ. ಪಾಪ, ಗುಮಾಸ್ತರು ಧೂಳು ಕುಡಿದು ಹುಡುಕಿದರು. ಕೊನೆಗೆ ಯಾರಿಗೋ ಹೊಳೆದು, ತೀರಿಕೊಂಡ ಕಾರ್ಯದರ್ಶಿಯವರ ಮನೆಗೆ ಹೋದೆವು. ಅವರ ಧರ್ಮಪತ್ನಿಯವರು ದೇವರ ಕೋಣೆಯ ಮಾಡದಿಂದ ಮೂರು ಸಣ್ಣ ಡೈರಿಗಳನ್ನು ತಂದು ಮುಂದಿಟ್ಟರು. "ಇವನ್ನ ನೀವು ಬಂದು ಕೇಳತೀರಿ ಅಂತ ಇಟಗೊಂಡ ಕೂತಿದ್ದೆ, ಯಾರೂ ಬರಲಿಲ್ಲ" ಎಂದರು. ಎರಡನೆಯ ಡೈರಿಯಲ್ಲಿ ಒಂದೇ ಸಾಲು: ಹಳೆಯ ಕಟ್ಟಡ ಬಿಟ್ಟಾಗ ಇಂತಿಂಥ ವರ್ಷಗಳ ವಹಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದೆ. ಹತ್ತು ನಿಮಿಷದಲ್ಲಿ ಪುಟ ಸಿಕ್ಕಿತು. ಅಷ್ಟರಲ್ಲಿ ಕೊಳ್ಳುವವನು ಬೇರೆ ಹೊಲ ನೋಡಿಕೊಂಡಿದ್ದನು. ಆಕೆ ಎರಡನೆಯವನಿಗೆ ಎಕರೆಗೆ 40,000 ರೂಪಾಯಿ ಕಡಿಮೆಗೆ ಕೊಟ್ಟಳು. ಮಂಡಳಿಯ ನಡಾವಳಿಯಲ್ಲಿ ನಾವು ವಿಷಾದ ಬರೆದುಕೊಂಡೆವು. ಅದರಿಂದ ಆಕೆಗೆ ಬಂದುದೇನು?

ಆ ಸಭೆಯಲ್ಲಿಯೇ, ಕೆಲಸದ ತಿಳಿವನ್ನೆಲ್ಲ ಒಂದೆಡೆ ಬರೆದಿಡಬೇಕೆಂದು ಠರಾವು ಆಯಿತು. ನಮ್ಮ ಊರಿಗೆ ಇದು ಹೊಸ ವಿಚಾರವೇನೂ ಅಲ್ಲ. ಪುಲಿಗೆರೆಯೆಂದು ಹೆಸರಾಗಿದ್ದ ಕಾಲಕ್ಕೆ, ಅಂದರೆ ಎಂಟನೆಯ ಶತಮಾನದ ಮೊದಲ ಭಾಗದಲ್ಲಿ, ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಈ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕೊಟ್ಟು ಕಂಬದ ಮೇಲೆ ಬರೆಯಿಸಿದ್ದಾನೆ. ರಾಜಪುರುಷರು ನಡೆದುಕೊಳ್ಳತಕ್ಕ ರೀತಿ, ಊರವರು ಸಲ್ಲಿಸತಕ್ಕ ತೆರಿಗೆ, ಯಾವುದನ್ನು ಯಾವಾಗ ಕೊಡಬೇಕೆಂಬದು, ಎಲ್ಲ ಅದರಲ್ಲಿದೆ. ರಾಜ ಬದಲಾಗಲಿ, ಅಧಿಕಾರಿ ಬದಲಾಗಲಿ, ಕಂಬದ ಮುಂದೆ ನಿಂತು ಓದಿದವನಿಗೆ ಊರಿನ ಕಟ್ಟಳೆ ತಿಳಿಯುತ್ತಿತ್ತು. ಒಂದೇ ಕುಂದೆಂದರೆ ಕಲ್ಲನ್ನು ತಿದ್ದಲು ಬರುವದಿಲ್ಲ. ವಿಕಿಯ ಗುಣ ಅದಕ್ಕೆ ತೀರ ವಿರುದ್ಧವಾದದ್ದು. ಅದನ್ನು ಗಳಿಗೆಗೊಮ್ಮೆ ತಿದ್ದಬಹುದು.

ಈ ವಿಕಿಯನ್ನು ಮೊದಲು ಕಟ್ಟಿದವನು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೇರಿಕದ ಪ್ರೋಗ್ರಾಮರನು, 1995ರ ಮಾರ್ಚದಲ್ಲಿ. ಪ್ರೋಗ್ರಾಮು ಬರೆಯುವವರು ತಮ್ಮ ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ದಾಟಿಸಲೆಂದು ಅವನು ಅದನ್ನು ಮಾಡಿದನು. ಹವಾಯಿ ದ್ವೀಪದ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ 'ವಿಕಿ ವಿಕಿ' ಬಸ್ಸಿನ ಹೆಸರು ಅವನ ನೆನಪಿನಲ್ಲಿತ್ತು. ಲೋಕಕ್ಕೆಲ್ಲ ಈ ಪದ ಗೊತ್ತಾದದ್ದು 2001ರ ಜನವರಿ 15ರಂದು ವಿಕಿಪೀಡಿಯ ಆರಂಭವಾದ ಮೇಲೆ; ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಲೋಕಕ್ಕೆಲ್ಲ ತೆರೆದಿರುವ ಆ ವಿಶ್ವಕೋಶ ಬೇರೆ, ಒಂದು ದಫ್ತರದ ಹತ್ತು ಹದಿನೈದು ಜನರಿಗಾಗಿ ಬೀಗ ಹಾಕಿ ಇಟ್ಟುಕೊಳ್ಳುವ ವಿಕಿ ಬೇರೆ. ಕೆಲಸ ಮಾಡುವ ರೀತಿ ಮಾತ್ರ ಒಂದೇ. ಎಲ್ಲರೂ ಬರೆಯುವರು, ಎಲ್ಲರೂ ತಿದ್ದುವರು, ಯಾರು ಯಾವಾಗ ಏನು ತಿದ್ದಿದರೆಂಬ ಚರಿತ್ರೆ ತಾನಾಗಿ ಉಳಿಯುವದು, ತಪ್ಪಿದರೆ ಹಿಂದಿನ ಪ್ರತಿಯನ್ನು ಮರಳಿ ತರಬಹುದು. ನಾನು ಇದನ್ನು 'ಕೂಡುವಹಿ' ಎಂದು ಕರೆಯತೊಡಗಿದ್ದೇನೆ. ವಾಚಕರಿಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆದರೆ ಬರೆದು ತಿಳಿಸಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಮಂಡಳಿಯ ಒಬ್ಬ ಸದಸ್ಯರು "ಲೆಕ್ಕವೆಲ್ಲ ಗಣಕಯಂತ್ರದಲ್ಲಿ ಹೋಗುತ್ತಿರುವಾಗ ಮತ್ತೊಂದು ಏಕೆ?" ಎಂದು ಕೇಳಿದರು. ನಮ್ಮ ಗದಗ ಜಿಲ್ಲೆಯೆಂದರೆ ಸಹಕಾರದ ತವರುಮನೆ. ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದ್ದು 1905ರಲ್ಲಿ, ಅಂದರೆ 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದ ಮರುವರ್ಷವೇ. ಅಂದಿನಿಂದ ಕೀರ್ದಿ ಖಾತೆಗಳನ್ನು ಇಡುವದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. 2022ರ ಜೂನದಲ್ಲಿ ಕೇಂದ್ರ ಸರಕಾರವು ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೆಲ್ಲ ಒಳ್ಳೆಯದೇ. ಆದರೆ ಲೆಕ್ಕದ ಯಂತ್ರವು 'ಇಂಥವನ ಬಾಕಿ ಇಷ್ಟು' ಎಂದು ಹೇಳುವದಲ್ಲದೆ, 'ಬೋಜಾ ಕಡಿಮೆ ಮಾಡಿಸಬೇಕಾದರೆ ಯಾವ ಪತ್ರ, ಯಾರ ಸಹಿ, ಎಲ್ಲಿಗೆ ಒಯ್ಯಬೇಕು, ಹಳೆಯ ವಹಿ ಎಲ್ಲಿದೆ' ಎಂದು ಹೇಳುವದಿಲ್ಲ. ಆ ವಿಧವೆಯ ಲೆಕ್ಕ ಸರಿಯಾಗಿಯೇ ಇತ್ತು. ಕಳೆದದ್ದು ದಾರಿ.

ಇನ್ನು ಬೆಲೆಯ ಮಾತು. ಪೇಟೆಯಲ್ಲಿ ಎರಡು ಜಾತಿಯ ಕೂಡುವಹಿಗಳಿವೆ. ಬಾಡಿಗೆಗೆ ಸಿಗುವವು ಒಂದು ಜಾತಿ: ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪನಿಯವರು 2004ರಲ್ಲಿ ಹೊರತಂದ ಕಾನ್‌ಫ್ಲುಯೆನ್ಸ್, ಅನಂತರ ಬಂದ ನೋಷನ್, ಇಂಥವು. ಇವು ಕಂಪನಿಯ ಯಂತ್ರಗಳಲ್ಲಿಯೇ ಇರುತ್ತವೆ. ನಾವು ತಲೆಗೆ ಇಷ್ಟೆಂದು ಕೊಟ್ಟು ಬಳಸುವದು. ಇನ್ನೊಂದು ಜಾತಿಯವು ಪುಕ್ಕಟೆಯಾಗಿ ದೊರೆಯುವವು: ವಿಕಿಪೀಡಿಯವನ್ನೇ ನಡೆಸುವ ಮೀಡಿಯಾವಿಕಿ, 2004ರಲ್ಲಿ ಬಂದ ಡೋಕುವಿಕಿ, ಕಪಾಟು-ಪುಸ್ತಕ-ಅಧ್ಯಾಯ-ಪುಟ ಎಂದು ಜೋಡಿಸಿಡುವ ಬುಕ್‌ಸ್ಟ್ಯಾಕ್. ಇವಕ್ಕೆ ಬೆಲೆ ಇಲ್ಲ. ಆದರೆ ಇಡಲು ಜಾಗ ನಮ್ಮದು, ನೋಡಿಕೊಳ್ಳುವ ಹೊಣೆ ನಮ್ಮದು. ಪುಕ್ಕಟೆ ಸಿಕ್ಕ ಆಕಳಿಗೂ ಮೇವು ಹಾಕಲೇಬೇಕಷ್ಟೆ.

ನಮ್ಮ ಸಂಘದಲ್ಲಿ ಶಾಖೆಗಳೂ ಸೇರಿ ಹದಿನಾಲ್ಕು ಜನ. ದರಗಳು ಋತುಮಾನದಂತೆ ಬದಲಾಗುವದರಿಂದ ಇಲ್ಲಿ ಲೆಕ್ಕಕ್ಕಾಗಿ ಮಾತ್ರ ತಲೆಗೆ ತಿಂಗಳಿಗೆ 500 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 7,000, ವರ್ಷಕ್ಕೆ 84,000 ಆಯಿತು. ಮಾರಾಟಗಾರನು ಇಲ್ಲಿಗೇ ನಿಲ್ಲಿಸುತ್ತಾನೆ. ಇದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 15,120. ಒಟ್ಟು 99,120. ಡಾಲರಿನಲ್ಲಿ ದರ ಹೇಳಿದ್ದರೆ ವಿನಿಮಯದ ಏರಿಳಿತವೂ ನಮ್ಮ ತಲೆಯ ಮೇಲೆಯೇ. ವರ್ಷದ ಹಣ ಒಮ್ಮೆಲೇ ಕಟ್ಟಿದರೆ ಸೋಡಿ ಸಿಗುವದುಂಟು. ಆದರೆ ಬಳಸಿ ನೋಡದ ವಸ್ತುವಿಗೆ ವರ್ಷದ ಹಣ ಮುಂಗಡ ಕೊಡುವವನು ಗೃಹಸ್ಥನಲ್ಲ, ದಾನಶೂರ.

ಪುಕ್ಕಟೆಯ ಜಾತಿಗೆ ಬಂದರೆ, ಅದನ್ನಿಡಲು ಒಂದು ಸಣ್ಣ ಯಂತ್ರದ ಬಾಡಿಗೆ ತಿಂಗಳಿಗೆ 1,000 ಎಂದು ಹಿಡಿದರೆ ತೆರಿಗೆ ಸಹಿತ ವರ್ಷಕ್ಕೆ 14,160. ಹೊಸ ಪ್ರತಿ ಹಾಕುವದಕ್ಕೂ ದಿನದಿನದ ನಕಲು ತೆಗೆದಿಡುವದಕ್ಕೂ ತಿಳಿದ ಹುಡುಗನೊಬ್ಬನಿಗೆ ತಿಂಗಳಿಗೆ 2,000, ವರ್ಷಕ್ಕೆ 24,000. ಕೂಡಿ 38,160. ಯಾರೂ ಹೇಳದ ಖರ್ಚು ಇನ್ನೊಂದುಂಟು. ಅದು ಎರಡೂ ಜಾತಿಗೆ ಸಮ. ನಾಲ್ಕು ಜನ ಗುಮಾಸ್ತರು ವಾರಕ್ಕೆ ಎರಡೆರಡು ತಾಸಿನಂತೆ ಆರು ತಿಂಗಳು, ಅಂದರೆ 26 ವಾರ ಬರೆದರೆ 208 ತಾಸು. ತಾಸಿನ ಪಗಾರ 120 ಎಂದರೂ 24,960 ರೂಪಾಯಿ. ಈ ಹಣ ಯಾರ ಬಿಲ್ಲಿನಲ್ಲಿಯೂ ಕಾಣುವದಿಲ್ಲವಾದುದರಿಂದ ಎಲ್ಲರೂ ಅದನ್ನು ಮರೆಯುತ್ತಾರೆ. ಮರೆತು ಕೊಂಡ ಕೂಡುವಹಿಗಳು ಖಾಲಿ ಉಳಿಯುವದು ಇದೇ ಕಾರಣದಿಂದ.

ಮಾರಾಟಗಾರನು ಮತ್ತೊಂದು ಲೆಕ್ಕ ತೋರಿಸುತ್ತಾನೆ: ದಿನಕ್ಕೆ ಪ್ರತಿಯೊಬ್ಬನ ಕಾಲು ತಾಸು ಉಳಿದರೆ ಹದಿನಾಲ್ಕು ಜನರಿಂದ ಮೂರುವರೆ ತಾಸು, ವರ್ಷಕ್ಕೆ ಲಕ್ಷದ ಸಮೀಪ ಉಳಿತಾಯವೆಂದು. ಕೇಳಲು ಸೊಗಸಾಗಿದೆ. ಆದರೆ ಉಳಿದ ಕಾಲು ತಾಸು ತಿಜೋರಿಗೆ ಬರುವದಿಲ್ಲ. ಚಹಾದ ಅಂಗಡಿಗೆ ಹೋಗುವದು. ನಾನು ಆ ಲೆಕ್ಕವನ್ನು ಒಪ್ಪಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ ಅಂಕಿ. ಎರಡೆಕರೆಗೆ ನಲ್ವತ್ತು ಸಾವಿರದಂತೆ ಆ ಹೆಣ್ಣುಮಗಳು ಕಳೆದುಕೊಂಡ 80,000. ಅದು ಸಂಘದ ಯಾವ ಖಾತೆಯಲ್ಲಿಯೂ ಖರ್ಚು ಬಿದ್ದಿಲ್ಲ.

ತಲೆಲೆಕ್ಕದ ಬಗ್ಗೆ ಇನ್ನೊಂದು ಮಾತು. ಮೇಲೆ ಹೇಳಿದ ಪುಲಿಗೆರೆಯ ಶಾಸನದಲ್ಲಿ ಮನೆಮನೆಗೆ ತೆರಿಗೆ ಹಾಕುವಾಗ ಮನೆಯ ಅಂತಸ್ತನ್ನು ನೋಡಿ ಹೆಚ್ಚುಕಡಿಮೆ ದರ ಇಟ್ಟಿದ್ದಾರೆ. ಈ ಕಾಲದ ಕಂಪನಿಯವರಿಗೆ ಮ್ಯಾನೇಜರನೂ ಒಂದು ತಲೆ, ವಾರಕ್ಕೊಮ್ಮೆ ಒಂದು ಪುಟ ಓದುವ ಜವಾನನೂ ಒಂದು ತಲೆ. ಆದುದರಿಂದ ಕೊಳ್ಳುವ ಮೊದಲು, 'ಬರೆಯುವವರಿಗೆ ಮಾತ್ರ ಹಣವೋ, ಬರಿ ಓದುವವರಿಗೂ ಹಣವೋ' ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. ಪುಕ್ಕಟೆಯ ಮಿತಿಯನ್ನೂ ಕೇಳಬೇಕು. ಕಾನ್‌ಫ್ಲುಯೆನ್ಸಿನಲ್ಲಿ ಹತ್ತು ಜನರವರೆಗೆ ಹಣವಿಲ್ಲ. ಹನ್ನೊಂದನೆಯವನನ್ನು ಸೇರಿಸಿದ ದಿನ ಒಬ್ಬನಿಗಲ್ಲ, ಹನ್ನೊಂದೂ ಜನರಿಗೆ ಹಣ ಕಟ್ಟಬೇಕಾಗುವದು. ಮುಂಡರಗಿಯ ವಾಚಕರು ಈ ಸಾಲನ್ನು ಎರಡು ಸಲ ಓದಬೇಕು. ನಾವು ಹಿಡಿದ ದರದಂತೆಯೇ ಲೆಕ್ಕ ಹಾಕಿದರೆ ಆ ಹನ್ನೊಂದನೆಯ ಮನುಷ್ಯನ ಬೆಲೆ ವರ್ಷಕ್ಕೆ ತೆರಿಗೆ ಸಹಿತ 77,880 ರೂಪಾಯಿ!

ಇದನ್ನು ತಪ್ಪಿಸಲು ಒಂದೇ ಹೆಸರು, ಒಂದೇ ಗುಪ್ತಪದದಿಂದ ಎಲ್ಲರೂ ಒಳಗೆ ಹೋಗುವ ಯುಕ್ತಿಯನ್ನು ಕೆಲವರು ಮಾಡುತ್ತಾರೆ. ಕರಾರಿಗೆ ಅದು ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ತಿದ್ದಿದವನಾರೆಂಬ ಚರಿತ್ರೆಯೇ ಹಾಳಾಗುವದು. ಸಹಿಯಿಲ್ಲದೆ ಕೀರ್ದಿಯಲ್ಲಿ ಹೊಡೆದುಹಾಕಿದ ಸಾಲನ್ನು ಯಾವ ಲೆಕ್ಕತಪಾಸಣಿಗನು ಒಪ್ಪಿಯಾನು?

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಸೋದರಳಿಯನು ಪಂಚಮಿಯ ಹಬ್ಬಕ್ಕೆ ಊರಿಗೆ ಬಂದಿದ್ದನು. ಅವನ ಮುಂದೆ ಈ ಅಂಕಿಗಳ ಹಾಳೆಯನ್ನು ಹರವಿದೆನು. ಅವನು ನೋಡಿ ನಕ್ಕು, "ಮಾಮಾ, ಬೆಲಿ ಆಮ್ಯಾಲೆ ನೋಡೂಣು. ಮೊದಲ ಇದರಾಗ ಬರಿಯಾವ್ರು ಯಾರು ಹೇಳ್ರಿ" ಎಂದನು.

"ಎಲ್ಲರೂ ಬರೆಯುತ್ತಾರೆ" ಎಂದೆ.

"ಎಲ್ಲಾರೂ ಅಂದ್ರ ಯಾರೂ ಅಲ್ಲ, ಮಾಮಾ. ನಮ್ಮ ಕಂಪನಿಯೊಳಗ ಸಾವಿರ ಪುಟ ಅದಾವ. ಅದರಾಗ ಯಾವುದು ಹಳೇದು ಯಾವುದು ಹೊಸಾದು ಅಂತ ಯಾರಿಗೂ ಗೊತ್ತಿಲ್ಲ. ತಪ್ಪು ಪುಟ ಇರೂದಕಿಂತ ಪುಟ ಇಲ್ಲದಿರೂದ ಚಲೋ."

ಅವನ ಮಾತಿನಂತೆ ನಾವು ಪುಟಪುಟಕ್ಕೆ ಒಬ್ಬೊಬ್ಬ ಒಡೆಯನನ್ನು ಗೊತ್ತುಮಾಡಿದೆವು. ಪುಟದ ತಲೆಯಲ್ಲಿ ಅವನ ಹುದ್ದೆ, ಕೊನೆಯ ಸಲ ನೋಡಿ ಸರಿಯೆಂದ ತಾರೀಖು. ಆರು ತಿಂಗಳು ದಾಟಿದರೆ ಒಡೆಯನು ಮತ್ತೆ ಓದಿ ತಾರೀಖು ಹಾಕತಕ್ಕದ್ದು. ಹೆಸರಿನ ಬದಲು ಹುದ್ದೆಯನ್ನು ಬರೆದದ್ದು ಏಕೆಂದರೆ ಮನುಷ್ಯನು ಹೋದರೂ ಹುದ್ದೆ ಉಳಿಯುವದು.

ಆಮೇಲೆ ಪರೀಕ್ಷೆಗೆ ಕುಳಿತೆವು. ಬಾಡಿಗೆಯ ಎರಡು, ಪುಕ್ಕಟೆಯ ಎರಡು, ಹೀಗೆ ನಾಲ್ಕು ಕೂಡುವಹಿಗಳಲ್ಲಿ ಒಂದೇ ಇಪ್ಪತ್ತು ಪುಟಗಳನ್ನು ತುಂಬಿ, ಎಲ್ಲರಿಗಿಂತ ಕಡಿಮೆ ಓದು ಕಲಿತ ನಮ್ಮ ಜವಾನನ ಕೈಯಲ್ಲಿ ಅವನದೇ ಮೊಬೈಲನ್ನು ಕೊಟ್ಟು, "ಬೋಜಾ ಕಡಿಮೆ ಮಾಡಿಸಲು ಏನು ಬೇಕು, ಹುಡುಕಿ ಹೇಳು" ಎಂದೆವು. ಈ ಪರೀಕ್ಷೆ ಯಾವ ಮಾರಾಟಗಾರನ ಮಾತಿಗಿಂತಲೂ ಹೆಚ್ಚು ಕಲಿಸಿತು. ಒಂದರಲ್ಲಿ ಒಳಗೆ ಹೋಗುವದೇ ಅವನಿಂದ ಆಗಲಿಲ್ಲ. ಇನ್ನೊಂದರಲ್ಲಿ 'ಸಾಲ' ಎಂದು ಹುಡುಕಿದರೆ 'ಸಾಲ' ಎಂಬ ಬಿಡಿ ಪದವಿದ್ದ ಪುಟ ಮಾತ್ರ ಬಂತು. 'ಸಾಲದ', 'ಸಾಲವನ್ನು', 'ಸಾಲಗಾರ' ಎಂದಿದ್ದ ಪುಟಗಳು ಅಡಗಿಯೇ ಉಳಿದವು. ನಮ್ಮ ನುಡಿಯಲ್ಲಿ ಪದಕ್ಕೆ ವಿಭಕ್ತಿ ಅಂಟಿಕೊಂಡೇ ಬರುವದೆಂಬದು ಆ ಕಂಪನಿಯವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಕನ್ನಡದಲ್ಲಿ ವ್ಯವಹರಿಸುವವರು ಈ ಪರೀಕ್ಷೆಯನ್ನು ಮಾಡದೆ ಒಂದು ಪೈಯನ್ನೂ ಬಿಚ್ಚಬಾರದು.

ಕನ್ನಡದ ಇನ್ನೊಂದು ತೊಡಕು ನಮ್ಮನ್ನು ಹದಿನೈದು ದಿನ ಕಾಡಿತು. ಸಂಘದ ಹಳೆಯ ಸುತ್ತೋಲೆಗಳೂ ಠರಾವುಗಳೂ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಕ್ರಮದಲ್ಲಿ ಬೆರಳಚ್ಚಾಗಿದ್ದವು. ಆ ಕ್ರಮದಲ್ಲಿ ಯಂತ್ರದ ಹೊಟ್ಟೆಯೊಳಗೆ ಇರುವದು ರೋಮನ್ ಅಕ್ಷರ. ಮೇಲೆ ತೊಡಿಸಿದ ಅಂಗಿ ಮಾತ್ರ ಕನ್ನಡದ್ದು. ಅಂಥ ಬರಹವನ್ನು ಎತ್ತಿ ಕೂಡುವಹಿಯಲ್ಲಿ ಇಟ್ಟರೆ ಅಂಗಿ ಕಳಚಿ ಅರ್ಥವಿಲ್ಲದ ಗುರುತುಗಳು ಕಾಣುವವು. ಹುಡುಕಿದರೆ ಒಂದು ಪದವೂ ಸಿಗಲಾರದು. ಅದನ್ನು ಮೊದಲು ಯೂನಿಕೋಡಿಗೆ ಬದಲಿಸಬೇಕು. ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತು ಒತ್ತಕ್ಷರಗಳು ಅಲ್ಲಲ್ಲಿ ಕೆಡುವದರಿಂದ ಕಣ್ಣಿಟ್ಟು ಓದಿ ತಿದ್ದಲೇಬೇಕು. ಮೇಲೆ ಹೇಳಿದ 208 ತಾಸುಗಳಲ್ಲಿ ದೊಡ್ಡ ಪಾಲನ್ನು ಇದೇ ತಿಂದಿತು.

ಮನೆ ಕೊಳ್ಳುವವನು ಹಿತ್ತಿಲ ಬಾಗಿಲನ್ನು ನೋಡುವಂತೆ, ಕೂಡುವಹಿ ಕೊಳ್ಳುವವನು ಹೊರಬೀಳುವ ದಾರಿಯನ್ನು ನೋಡಬೇಕು. ನಾಳೆ ಬೆಲೆ ಏರಿದರೆ, ಕಂಪನಿಯ ಮನಸ್ಸು ಬದಲಾದರೆ, ನಮ್ಮ ಪುಟಗಳನ್ನೆಲ್ಲ ಚಿತ್ರಸಹಿತ ತೆಗೆದುಕೊಂಡು ಹೋಗಲು ಬರುವದೋ? ಈ ಭಯ ಸುಳ್ಳಲ್ಲ. ಕಾನ್‌ಫ್ಲುಯೆನ್ಸನ್ನು ತಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳುವ 'ಸರ್ವರ್' ಬಗೆಯನ್ನು ಒಂದು ಕಾಲಕ್ಕೆ ಕೊಳ್ಳಬಹುದಾಗಿತ್ತು. ಕಂಪನಿಯವರು 2021ರ ಫೆಬ್ರುವರಿಯಲ್ಲಿ ಅದರ ಹೊಸ ಮಾರಾಟವನ್ನೂ 2024ರ ಫೆಬ್ರುವರಿ 15ಕ್ಕೆ ಅದಕ್ಕೆ ಕೊಡುತ್ತಿದ್ದ ನೆರವನ್ನೂ ನಿಲ್ಲಿಸಿಬಿಟ್ಟರು. ಮುಂಚಿತವಾಗಿ ತಿಳಿಸಿಯೇ ನಿಲ್ಲಿಸಿದರೆನ್ನಿ. ಆದರೂ ಸಣ್ಣ ದಫ್ತರಗಳು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಈ ದೃಷ್ಟಿಯಿಂದ ನನಗೆ ಡೋಕುವಿಕಿಯ ರೀತಿ ಬಹಳ ಮೆಚ್ಚಿಗೆಯಾಯಿತು: ಅದು ಪುಟಪುಟವನ್ನೂ ಸಾದಾ ಅಕ್ಷರದ ಕಡತವಾಗಿಯೇ ಇಡುತ್ತದೆ, ತಂತ್ರಾಂಶವೇ ಹಾಳಾದರೂ ಕಡತವನ್ನು ತೆರೆದು ಓದಬಹುದು. ಆದರೆ ನಮ್ಮ ಗುಮಾಸ್ತರ ಮತವೆಲ್ಲ ಬುಕ್‌ಸ್ಟ್ಯಾಕಿನ ಕಡೆಗೆ ಬಿತ್ತು. ಕಪಾಟು, ಪುಸ್ತಕ, ಅಧ್ಯಾಯ ಎಂಬ ಮಾತು ಅವರಿಗೆ ತಟ್ಟನೆ ತಿಳಿಯಿತು. ಅದರಿಂದಲೂ ಪುಸ್ತಕವನ್ನು ಇಡಿಯಾಗಿ ಹೊರತೆಗೆದು ಅಚ್ಚುಹಾಕಿಸಲು ಬರುವದರಿಂದ ನಾನು ಹಟ ಮಾಡಲಿಲ್ಲ. ಬರೆಯುವವರಿಗೆ ಒಗ್ಗದ ವಹಿಯನ್ನು ತಂದು ಮಾಡುವದೇನು?

ಏನನ್ನು ಬರೆಯಬಾರದೆಂಬದನ್ನೂ ಮೊದಲೇ ಗೊತ್ತುಮಾಡಿದೆವು. ಸದಸ್ಯರ ಆಧಾರ್ ನಂಬರು, ಮೊಬೈಲ್ ನಂಬರು, ಸಾಲದ ಬಾಕಿ, ಬ್ಯಾಂಕಿನ ಗುಪ್ತಪದ, ಇವು ಕೂಡುವಹಿಗೆ ಬರತಕ್ಕವಲ್ಲ. ಕೆಲಸದ ದಾರಿ ಬರಲಿ, ಜನರ ಗುಟ್ಟು ಬೇಡ. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಪಾರ್ಲಿಮೆಂಟು ಕಾಯದೆಯನ್ನೇ ಮಾಡಿದೆ. ಕಾಯದೆ ಇರದಿದ್ದರೂ, ಒಬ್ಬನ ಸಾಲದ ಸುದ್ದಿ ಊರಿಗೆಲ್ಲ ತಿಳಿಯುವದು ಒಳ್ಳೆಯದಲ್ಲವೆಂದು ಹೇಳಲು ವಕೀಲರು ಬೇಕಿಲ್ಲ.

ಈಗ ಮುಂಡರಗಿಯ ವಾಚಕರಿಗೆ ನನ್ನ ಉತ್ತರ. ತಾವು ಇನ್ನೂ ಏನನ್ನೂ ಕೊಳ್ಳಬೇಡಿರಿ. ಎರಡು ರೂಲಿನ ನೋಟುಬುಕ್ಕನ್ನು ತರಿಸಿ, ಗೋದಾಮಿನವರೂ ಅಂಗಡಿಯವರೂ ಮೇಲಿಂದ ಮೇಲೆ ಕೇಳುವ ಇಪ್ಪತ್ತು ಪ್ರಶ್ನೆಗಳನ್ನು ಬರೆಯಿಸಿರಿ. ಒಂದೊಂದಕ್ಕೆ ಒಂದು ಪುಟ ಉತ್ತರ. ಎರಡು ತಿಂಗಳಲ್ಲಿ ಇಪ್ಪತ್ತು ಪುಟ ತುಂಬದಿದ್ದರೆ ಮಾರಾಟಗಾರನಿಗೆ ನಮಸ್ಕಾರ ಹೇಳಿರಿ. ಹಣ ಕೊಟ್ಟು ಕೊಂಡದ್ದೂ ತುಂಬಲಾರದು. ತುಂಬಿದರೆ, ಬರೆಯುವ ನಾಲ್ಕೈದು ಜನರನ್ನು ಮಾತ್ರ ಪುಕ್ಕಟೆಯ ಮಿತಿಯೊಳಗೆ ಸೇರಿಸಿ, ಹಮಾಲರೂ ಲಾರಿಯವರೂ ನೋಡಬೇಕಾದ ಪುಟಗಳನ್ನು ಅಚ್ಚು ತೆಗೆದು ಗೋದಾಮಿನ ಗೋಡೆಗೆ ಅಂಟಿಸಿರಿ. ನಂಬಿಗಸ್ಥ ಹುಡುಗನೊಬ್ಬನು ಹತ್ತಿರದಲ್ಲಿದ್ದು ತಿಂಗಳಿಗೊಮ್ಮೆ ನೋಡಿಕೊಳ್ಳುವಂತಿದ್ದರೆ ಪುಕ್ಕಟೆಯ ಜಾತಿಯದನ್ನು ಇಡಬಹುದು. ಅಂಥವನಿಲ್ಲದಿದ್ದರೆ ಇಡಲೇಬಾರದು, ನೋಡಿಕೊಳ್ಳುವವರಿಲ್ಲದ ಯಂತ್ರ ಕಳ್ಳರಿಗೆ ತೆರೆದ ಬಾಗಿಲು. ಆಗ ಬಾಡಿಗೆಯದೇ ಸರಿ, ತಿಂಗಳ ಕರಾರಿನ ಮೇಲೆ.

ಮನೆವಾರ್ತೆಯ ಗೃಹಿಣಿಯರು ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದು. ವಿಮೆಯ ಪತ್ರ ಎಲ್ಲಿದೆ, ಗ್ಯಾಸಿನ ನಂಬರು ಯಾವುದು, ಅಜ್ಜಿಗೆ ಯಾವ ಔಷಧಿ ಒಗ್ಗುವದಿಲ್ಲ, ಹೊಲದ ಉತಾರ ಯಾರ ಪೆಟ್ಟಿಗೆಯಲ್ಲಿದೆ, ಇದೆಲ್ಲ ಒಬ್ಬರ ತಲೆಯಲ್ಲಿಯೇ ಇರುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ನಮ್ಮ ಮನೆಯೂ ಅವುಗಳಲ್ಲಿ ಒಂದು. ನನ್ನ ಹೆಂಡತಿ ಎಂಟು ದಿನ ತವರಿಗೆ ಹೋದಾಗ ನಾನು ಉಪ್ಪಿನ ಡಬ್ಬಿಗಾಗಿ ಮೂರು ಸಲ ಫೋನು ಮಾಡಿದ್ದೇನೆ.

ನಮ್ಮ ಸಂಘದ ಕೂಡುವಹಿಯಲ್ಲಿ ಈಗ 140 ಪುಟಗಳಿವೆ. ಮೊದಲಿನ ಮೂವತ್ತೆಂಟು ಪುಟಗಳು ಆ ಮೂರು ಡೈರಿಗಳಿಂದ ಬಂದವು. ಅವುಗಳ ತಲೆಯಲ್ಲಿ ಹಿರಿಯರ ಕೈಬರಹದ ಚಿತ್ರವನ್ನೂ ಇಟ್ಟಿದ್ದೇವೆ. ಡೈರಿಗಳನ್ನು ಮರಳಿ ಕೊಡಲು ಹೋದಾಗ ಆ ತಾಯಿ ಮೊಬೈಲಿನಲ್ಲಿ ಆ ಪುಟಗಳನ್ನು ನೋಡಿ, ಒಂದೆಡೆ ತಾರೀಖು ತಪ್ಪಿ ಓದಿದ್ದೇವೆಂದು ತೋರಿಸಿಕೊಟ್ಟರು. ಅವರ ಮುಂದೆಯೇ ಕುಳಿತು ತಿದ್ದಿದೆವು.

ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯ ಗಂಟಿನ ಕೆಳಗೆ ಇನ್ನೊಂದು ಗಂಟು ಇತ್ತು. ಲಕ್ಷ್ಮೇಶ್ವರವು 1948ರವರೆಗೆ ಮೀರಜ ಹಿರಿಯ ಸಂಸ್ಥಾನಕ್ಕೆ ಸೇರಿದ ಊರು. ಆ ಗಂಟಿನಲ್ಲಿಯ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ. ಹೊಲಗಳ ಸರ್ವೆ ನಂಬರುಗಳೆಂದು ಅಂಕಿಗಳಿಂದ ಊಹಿಸಬಹುದು. ಉಳಿದದ್ದನ್ನು ಓದಬಲ್ಲವರು ದಫ್ತರದಲ್ಲಿ ಒಬ್ಬರೂ ಇಲ್ಲ. ಅದಕ್ಕೂ ಒಂದು ಪುಟ ತೆರೆದು ಆರು ಹಾಳೆಗಳ ಚಿತ್ರ ಇಟ್ಟಿದ್ದೇವೆ. ಒಡೆಯನ ಜಾಗ ಖಾಲಿ ಇದೆ. ಮೋಡಿ ಬಲ್ಲ ಹಿರಿಯರು ಗದಗ, ಶಿರಹಟ್ಟಿ, ಮುಂಡರಗಿಯ ಕಡೆ ಯಾರಾದರೂ ಇದ್ದರೆ ಈ ಮಾಸಪತ್ರಿಕೆಯ ಮೂಲಕ ನನಗೆ ತಿಳಿಸಬೇಕು. ಬಂದುಹೋಗುವ ಖರ್ಚನ್ನು ಕೊಡಲು ಮಂಡಳಿ ಒಪ್ಪಿದೆ.